ತುಳಸಿಯ ಪಕ್ಕದ ಅರ್ಫಜ್

ಯಶ್ಮಿತಾ ಕೊಟ್ಟ ಅರ್ಫಜ್ ಗಿಡ ಬಾಡುತ್ತಿತ್ತು. ಕೊಲ್ಲಿ ನಾಡಿನ ಅಲ್ ನಹ್ದಾದಲ್ಲಿ, ಅಣ್ಣನ ಫ್ಲ್ಯಾಟಿನ ಬಾಲ್ಕನಿಯಲ್ಲಿ ಸುಶಾಂತ್ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಉದುರಿದ ಎಲೆ ಹೆಕ್ಕುತ್ತಿದ್ದ.

ಅವಳ ಪರಿಚಯವಾದದ್ದು ಚಳಿಗಾಲದಲ್ಲಿ, ಊರಿನವರ ಪಿಕ್‌ನಿಕ್‌ನಲ್ಲಿ. ದೂರದ ಮದೀನತ್ ಜಾಯೆದ್‌ನ ನರ್ಸರಿಯಲ್ಲಿ ಮರುಭೂಮಿಯ ಕಾಡುಹೂಗಳನ್ನು ಬೆಳೆಸುವ ಕೆಲಸ ಅವಳದು. ಇವನು ಜುಮೇರಾ ಲೇಕ್ ಟವರ್ಸ್‌ನ ಆಫೀಸೊಂದರಲ್ಲಿ ಅಕೌಂಟೆಂಟ್. ಹೊರಡುವಾಗ ಅವಳು ಈ ಕುಂಡವನ್ನು ಇವನ ಕೈಗಿಟ್ಟು, ಓರೆಗಣ್ಣಲ್ಲಿ ನೋಡಿ ನಕ್ಕಿದ್ದಳು.

"ಇದು ಇಲ್ಲಿಯದ್ದೇ ಗಿಡ. ಬಿಸಿಲು, ಮರಳು ಇದ್ರೆ ಸಾಕು, ವರ್ಷ ವರ್ಷ ಹಳದಿ ಹೂ ಬಿಡ್ತದೆ. ಹೂ ಬಿಟ್ಟಾಗ ಫೋನ್ ಮಾಡಿ, ನೋಡ್ಲಿಕ್ಕೆ ನಾನೇ ಬರ್ತೇನೆ."

ಅಂದಿನಿಂದ ಮಹಾಶಯ ಹೂವಿಗೆ ಕಾದ. ಫೋನ್ ಮಾಡಲು ಹೂವೇ ಬೇಕೆಂದು ಯಾರು ಹೇಳಿದ್ದರು? ಪ್ರೀತಿಗೆ ಬಿದ್ದ ಗಂಡಸಿಗೆ ಬುದ್ಧಿ ಹೇಳುವುದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸುವುದೂ ಒಂದೇ. ಮೆಟ್ರೋದಲ್ಲಿ, ಮೀಟಿಂಗಿನಲ್ಲಿ, ಊಟದ ಬಟ್ಟಲ ಮುಂದೆ, ಎಲ್ಲೆಲ್ಲೂ ಅವಳದೇ ನೋಟ. ಎಷ್ಟೋ ಸಲ ಅವಳ ನಂಬರ್ ತೆರೆದು, ಸುಮ್ಮನೆ ನೋಡಿ, ಮುಚ್ಚಿಟ್ಟಿದ್ದ. ಈಗ ಮಂಗಳೂರಿನಲ್ಲಿ ಅವಳಿಗೆ ಗಂಡು ನೋಡಿದ್ದಾರೆ, ಮುಂದಿನ ವಾರ ಊರಿಗೆ ಹೊರಟಿದ್ದಾಳೆ ಎಂಬ ಸುದ್ದಿ ಬಂದಿತ್ತು.

ಅಷ್ಟರಲ್ಲಿ ಅತ್ತಿಗೆ ಚಂದ್ರಮತಿ ಬೆಳಗಿನ ಸ್ನಾನ ಮುಗಿಸಿ ಬಂದರು. ತುಳಸಿಗೆ ನೀರೆರೆದು, ತಂಬಿಗೆಯಲ್ಲಿ ಉಳಿದದ್ದನ್ನು ಅರ್ಫಜ್‌ಗೆ ಸುರಿದರು.

"ಅತ್ತಿಗೆ! ನೀವು ಇದಕ್ಕೂ ದಿನಾ ಹಾಕ್ತೀರಾ?"

"ಮತ್ತೆ? ತುಳಸಿಗೆ ಹಾಕಿ ಪಕ್ಕದ್ದನ್ನು ಒಣಗ್ಲಿಕ್ಕೆ ಬಿಡುದಾ? ಪಾಪ, ಆ ಹುಡುಗಿ ಕೊಟ್ಟದ್ದಲ್ವಾ!"

ಸುಶಾಂತ್ ತಲೆ ತಗ್ಗಿಸಿದ. ದಿನಾ ಸಂಜೆ ಆಫೀಸಿನಿಂದ ಬಂದವನು ತಾನೂ ಒಂದು ಚೊಂಬು ಹಾಕುತ್ತಿದ್ದ. ಮಳೆ ನೋಡಿ ಬೆಳೆದ ಉಡುಪಿಯವರಿಗೆ ಅಕ್ಕರೆಯೆಂದರೆ ನೀರೆರೆಯುವುದು. ಅತಿಯಾದರೆ ಅಮೃತವೂ ವಿಷ ಎಂಬುದು ನೆನಪಾಗುವುದು ಬೇರು ಕೊಳೆತ ಮೇಲೆ.

ಶನಿವಾರ ಅಣ್ಣನ ಕಾರಿನಲ್ಲಿ ಕುಂಡವನ್ನು ಇಟ್ಟುಕೊಂಡು ಮದೀನತ್ ಜಾಯೆದ್‌ಗೆ ಹೊರಟ. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಜೋಡಿಸಿದ, ಕೆಡಿಸಿದ.

ನರ್ಸರಿಯಲ್ಲಿ ಯಶ್ಮಿತಾ ಗಿಡವನ್ನು ಕುಂಡದಿಂದ ಬಿಡಿಸಿ ಮಣ್ಣು ಮೂಸಿದಳು.

"ಎಂತ ಮಾರಾಯ್ರೆ, ಗದ್ದೆ ಮಾಡಿಟ್ಟಿದ್ದೀರಲ್ಲ! ಇದಕ್ಕೆ ಮಣ್ಣು ಪೂರ್ತಿ ಒಣಗ್ಬೇಕು. ನೀರು ಕಡಿಮೆಯಾದ್ರೆ ಬೇರು ಆಳಕ್ಕೆ ಇಳೀತದೆ. ಬೇಸಿಗೆಯಲ್ಲಿ ಎಲೆ ಉದುರಿಸಿ ಸತ್ತ ಹಾಗೆ ಕೂತ್ಕೊಳ್ತದೆ. ಸತ್ತದ್ದಲ್ಲ, ಕಾಯ್ತಾ ಇರ್ತದೆ."

"ಇದು ಬದುಕ್ತದಾ?"

"ಇಲ್ಲ. ಖಲಾಸ್." ಅವಳ ಕಣ್ಣು ಕೆಸರಿನ ಮೇಲೇ ಇತ್ತು. "ಇದನ್ನು ಕೇಳ್ಲಿಕ್ಕೆ ಇಷ್ಟು ದೂರ ಬಂದ್ರಾ? ಒಂದು ಫೋಟೋ ಕಳಿಸಿದ್ರೆ ಆಗ್ತಿತ್ತು."

ಈಗ ಮಾತು ನುಂಗಿದರೆ ಜನ್ಮವಿಡೀ ನುಂಗಬೇಕೆಂದು ಅವನಿಗೆ ಅನ್ನಿಸಿತು.

"ಇದಕ್ಕಲ್ಲ ಬಂದದ್ದು. ನೀವು ಊರಿಗೆ ಹೋಗಿ ಬೇರೆಯವರನ್ನು ಒಪ್ಪಿದ್ರೆ ನನಗೆ ತಡ್ಕೊಳ್ಲಿಕ್ಕೆ ಆಗುದಿಲ್ಲ. ನಿಮ್ಮನ್ನು ಮದುವೆ ಆಗ್ಬೇಕಂತ ಉಂಟು ನನಗೆ."

ಯಶ್ಮಿತಾ ತಲೆಯೆತ್ತಿದಳು. ಕಣ್ಣು ತುಂಬಿತ್ತು, ಸಿಟ್ಟೂ ಇತ್ತು.

"ಇಷ್ಟು ತಿಂಗಳು ಎಂತ ಮಾಡ್ತಿದ್ರಿ? ನಾಳೆ ಹೇಳ್ತೇನೆ, ನಾಳೆ ಹೇಳ್ತೇನೆ ಅಂತ ಮನೆಯವರ ಹತ್ರ ದಿನ ತಳ್ಳಿ ತಳ್ಳಿ ಸಾಕಾಯ್ತು ನನಗೆ. ಫೋನ್ ರಿಂಗಾದ್ರೆ ಓಡ್ತಿದ್ದೆ, ನೀವೇ ಅಂತ."

"ತಡ ಆಯ್ತಾ?"

ಅವಳು ಕೆಸರಿನ ಕೈಯಲ್ಲೇ ಫೋನ್ ತೆಗೆದು ಮಂಗಳೂರಿಗೆ ಕರೆ ಮಾಡಿದಳು.

"ಅಮ್ಮಾ, ಆ ಹುಡುಗನವರಿಗೆ ಬೇಡ ಅಂತ ಹೇಳು. ಇಲ್ಲಿ ಒಬ್ರಿದ್ದಾರೆ. ತಡಿ, ಅವರೇ ಮಾತಾಡ್ತಾರೆ."

ಫೋನ್ ಅವನ ಕೈಗೆ ಬಂತು. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

"ನಮಸ್ಕಾರ ಅತ್ತೆ," ಅಂದುಬಿಟ್ಟ ಸುಶಾಂತ್.