ತೆರೆಯ ಮೇಲಿಲ್ಲದ ಗೀರು

“ಭಯಾನಕ ಮನೆ ಅಂದ್ರಿ. ಅದು ನಿಮ್ಮ ಅಭಿಪ್ರಾಯ. ಅಲ್ಲಿ ಏನಿದೆ ಅಂತ ಹೇಳಿ ಸಾಕು, ಹೆದರೋ ಕೆಲಸ ನಾನು ನೋಡ್ಕೋತೀನಿ.”

ವಕೀಲ ಅವಳಿಗೆ ಹೇಳಿದ ಮೊದಲ ಮಾತು ಇದು. ಹೆಡ್‌ಫೋನ್ ಕಳಚಿ, ಅವಳ ಉಸಿರು ಕೇಳಿದ ಕಡೆಗೆ ಮುಖ ತಿರುಗಿಸಿ, ಸಾಕ್ಷಿಯನ್ನು ಪ್ರಶ್ನಿಸುವ ಗತ್ತಿನಲ್ಲಿ ಹೇಳಿದ.

ಸಿನಿಮಾದಲ್ಲಿ ಮಾತು ನಿಂತ ಕಡೆಗಳಲ್ಲಿ ತೆರೆಯ ಮೇಲೆ ಏನು ನಡೆಯುತ್ತಿದೆ ಎಂದು ಬರೆದು, ತಾನೇ ಓದಿ ಧ್ವನಿಮುದ್ರಿಸುವುದು ಅವಳ ಕೆಲಸ. ಕಣ್ಣು ಕಾಣದ ಪ್ರೇಕ್ಷಕರು ಅದನ್ನು ಇಯರ್‌ಫೋನಿನಲ್ಲಿ ಕೇಳುತ್ತಾರೆ. ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡ ವಕೀಲನನ್ನು ಸ್ಟುಡಿಯೋ ಕರೆಸಿದ್ದು ಅದನ್ನು ಪರೀಕ್ಷಿಸುವುದಕ್ಕೆ. ಅವನು ಒಪ್ಪಿದರೆ ಮಾತ್ರ ಅವಳ ಧ್ವನಿ ಚಿತ್ರಮಂದಿರ ಸೇರುತ್ತಿತ್ತು. ಇದು ಅವಳ ಮೊದಲ ಪೂರ್ಣ ಚಿತ್ರ. ಧ್ವನಿಮುದ್ರಣ ನೋಡಿಕೊಳ್ಳುತ್ತಿದ್ದ ಅವಳ ಸ್ವಂತ ಅಕ್ಕ ಗಾಜಿನಾಚೆ ಕುಳಿತು ನಗು ನುಂಗಿದಳು.

ಚಿತ್ರ ಹಳೆಯದೊಂದು ಗೋಥಿಕ್ ದೆವ್ವದ ಕಾದಂಬರಿಯನ್ನು ಆಧರಿಸಿದ್ದು. ಕಡಲಿನ ಅಂಚಿನ ಬಂಡೆಯ ಮೇಲೊಂದು ಮನೆ. ಅದರ ಒಡೆಯನ ಭಾವಚಿತ್ರ ಬರೆಯಲು ಬರುವ ಚಿತ್ರಕಾರ್ತಿ. ಆಕೆ ಬರೆದಿಟ್ಟ ಭಾವಚಿತ್ರ ಬೆಳಗಾಗುವಷ್ಟರಲ್ಲಿ ಗೋಡೆಯ ಕಡೆಗೆ ತಿರುಗಿರುತ್ತದೆ. ವಕೀಲನಿಗೆ ಕಾದಂಬರಿ ಬಾಯಿಪಾಠ. ಸಿನಿಮಾದವರು ಅದನ್ನು ಕೆಡಿಸಿರುತ್ತಾರೆಂದು ನಿಶ್ಚಯಿಸಿಕೊಂಡೇ ಬಂದಿದ್ದ.

ಕೆಡಿಸಿರಲಿಲ್ಲ. ಕಾದಂಬರಿ ದೆವ್ವಕ್ಕೆ ಇಡೀ ಅಧ್ಯಾಯ ಕೊಡುತ್ತದೆ. ಚಿತ್ರ ಕೊಟ್ಟಿದ್ದು ಒಂದು ಪರದೆ ಮಾತ್ರ. “ಕಿಟಕಿ ಮುಚ್ಚಿದೆ. ಪರದೆ ಅಲುಗುತ್ತದೆ,” ಎಂದಷ್ಟೇ ಅವಳು ಈ ಸಲ ಬರೆದಿದ್ದಳು. ವಕೀಲ ಕುರ್ಚಿಯ ತುದಿಗೆ ಬಂದ. ಅವನ ಮುಂಗೈ ಮೇಲೆ ರೋಮ ಎದ್ದು ನಿಂತಿತು. ಅದನ್ನು ಕಂಡು ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ.

ಆಮೇಲೆ ಕೋರ್ಟು ಮುಗಿದ ಕೂಡಲೇ ಅವನು ಹಾಜರಾಗತೊಡಗಿದ. ಕಾದಂಬರಿಯಲ್ಲಿ ಒಡೆಯ ಪುಟಗಟ್ಟಲೆ ಪಶ್ಚಾತ್ತಾಪ ಪಡುತ್ತಾನೆ. ಇಲ್ಲಿ ಸುಮ್ಮನೆ ದೀಪವನ್ನು ಚಿತ್ರಕಾರ್ತಿಯ ಹತ್ತಿರ ಸರಿಸುತ್ತಾನೆ. ವಕೀಲ ಅದನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದ. ಸರಿಸುವಾಗ ಒಡೆಯ ಚಿತ್ರಕಾರ್ತಿಯನ್ನು ನೋಡುತ್ತಾನೋ, ದೀಪವನ್ನೋ ಎಂದು ವಿಚಾರಿಸಿದ. ದೀಪವನ್ನು, ಆದರೆ ಬೇಕೆಂದೇ, ಎಂದಳು. ಬೇಕೆಂದೇ ಎನ್ನುವುದು ತೆರೆಯ ಮೇಲಿದೆಯೇ ಎಂದು ಅವನು ಕೆಣಕಿದ. ಹುಡುಗಿಯರಿಗೆ ಕಾಣುವಷ್ಟು ಇದೆ ಎಂದು ಅವಳು ತಿರುಗಿಸಿ ಕೊಟ್ಟಳು. ಇಬ್ಬರಿಗೂ ಮನೆಗೆ ಹೋಗುವ ಯೋಚನೆಯೇ ಇಲ್ಲವೇ ಎಂದು ಅಕ್ಕ ಗೊಣಗಿದಳು.

ಉಳಿದಿದ್ದು ಒಂದೇ ತಕರಾರು. “ಚಿತ್ರಕಾರ್ತಿ ಒಡೆಯನನ್ನ ಅಷ್ಟು ಹೊತ್ತು ನೋಡ್ತಾಳೆ. ನೀವು ‘ನೋಡುತ್ತಾಳೆ’ ಅಂತ ಬರೆದು ಕೈ ತೊಳ್ಕೊಂಡಿದೀರಿ. ಏನನ್ನ ನೋಡ್ತಾಳೆ?”

ಅವಳು ಮನೆಯಲ್ಲಿ ಕುಳಿತು, ಚಿತ್ರ ಹಾಕಿಕೊಳ್ಳದೆ, ಒಂದೇ ಉಸಿರಿಗೆ ಆ ಮುಖ ಬರೆದಳು. ಇಷ್ಟು ಸಲೀಸಾಗಿ ಯಾವ ದೃಶ್ಯವೂ ಅವಳ ಕೈಗೆ ಬಂದಿರಲಿಲ್ಲ. ಮರುದಿನ ಬಂದವಳೇ ಓದಿ ಧ್ವನಿಮುದ್ರಿಸಿದಳು.

ಕೊನೆಯ ಪರೀಕ್ಷೆಯ ಸಂಜೆ ಮೂವರೂ ಒಟ್ಟಿಗೆ ಕುಳಿತರು. ಸ್ಪೀಕರಿನಲ್ಲಿ ಅವಳ ಧ್ವನಿ ಬಂತು: ಆಳಕ್ಕಿಳಿದ ಕೆನ್ನೆ, ಕೇಳುವಾಗ ಒಂದು ಕಡೆಗೆ ವಾಲುವ ತಲೆ, ಎಡ ಹುಬ್ಬನ್ನು ಎರಡು ಮಾಡಿದ ಹಳೆಯ ಗೀರು.

ಅಕ್ಕ ಚಿತ್ರ ನಿಲ್ಲಿಸಿದಳು. “ಇವನ ಹುಬ್ಬಿನ ಮೇಲೆ ಗೀರು ಎಲ್ಲಿದೆಯೇ?”

ತೆರೆಯ ತುಂಬ ನಟನ ಮುಖವಿತ್ತು. ಹುಬ್ಬು ನುಣ್ಣಗೆ, ತೀಡಿದ ಹಾಗಿತ್ತು. ಅವಳು ಅದನ್ನು ನೋಡಿದಳು, ಆಮೇಲೆ ಪಕ್ಕಕ್ಕೆ ನೋಡಿದಳು. ವಕೀಲನ ಬೆರಳು ಅವನದೇ ಎಡ ಹುಬ್ಬಿನ ಗೀರಿನ ಮೇಲಿತ್ತು.

ಅಕ್ಕನೂ ನೋಡಿದಳು. ತನಗೆ ಅರ್ಜೆಂಟಾಗಿ ಕಾಫಿ ಬೇಕೆಂದು ಹೇಳಿ ಎದ್ದು ಹೋದಳು.

ತಂಗಿಯ ಕಿವಿ ಬಿಸಿಯಾದವು. ಕೆಲಸ ಹೋಯಿತು ಎಂದುಕೊಂಡಳು. ಅದಕ್ಕಿಂತ ಹೆಚ್ಚಾಗಿ, ನಾಳೆಯಿಂದ ಇವನು ಬರುವುದಿಲ್ಲ ಎಂದುಕೊಂಡಳು.

“ಇದು ನನ್ನ ತಮ್ಮ ಕಪಾಟಿನ ಬಾಗಿಲು ತೆಗೆದಿಟ್ಟು ಹೋದ ದಿನದ್ದು,” ಎಂದ ವಕೀಲ. ದನಿಯಲ್ಲಿ ಕೋರ್ಟಿನ ಗತ್ತು ಇರಲಿಲ್ಲ. “ಇದು ಕಾಣ್ಸತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ. ಚಿತ್ರದಲ್ಲಿ ಇದೆಯಾ?”

“ಇಲ್ಲ.”

“ವಾಲೋ ತಲೆ?”

“ಅದೂ ಇಲ್ಲ.” ಅವಳು ಮತ್ತೆ ತೆರೆ ನೋಡಿದಳು. “ಕೆನ್ನೆ ಮಾತ್ರ ನಟನದು. ಬರೀವಾಗ ನಂಗೆ ಗೊತ್ತಾಗ್ಲಿಲ್ಲ. ತಮಾಷೆಗೆ ಬರೆದಿದ್ದಲ್ಲ, ವಕೀಲರೇ. ಅಯ್ಯೋ ಪಾಪ ಅಂತಾನೂ ಅಲ್ಲ. ಚಿತ್ರಕಾರ್ತಿ ಅಷ್ಟು ಹೊತ್ತು ನೋಡೋದು ಯಾವ ಮುಖಾನ ಅಂತ ಯೋಚಿಸ್ದೆ. ಇದೇ ಬಂತು.”

ಅವನು ಹೆಡ್‌ಫೋನಿನ ತಂತಿಯನ್ನು ಬೆರಳಿಗೆ ಸುತ್ತಿ ಬಿಡಿಸಿದ.

“ಆ ಸಾಲು ತೆಗೀಬೇಕು. ಇಲ್ದಿರೋದನ್ನ ಹೇಳೋ ಹಾಗಿಲ್ಲ.”

“ಗೊತ್ತು.”

“ಚಿತ್ರದಿಂದ ತೆಗೀರಿ.” ತಲೆ ಅವಳ ಕಡೆಗೆ ವಾಲಿತು. “ನಂಗೆ ಹೇಳೋದನ್ನ ನಿಲ್ಲಿಸ್ಬೇಡಿ. ಯಾವತ್ತೂ.”

ಅವಳು ಕೈ ಚಾಚಿ ಮೈಕ್ ಆಫ್ ಮಾಡಿದಳು. ಎದೆ ಬಡಿಯುವುದು ಅವನಿಗೂ ಕೇಳಿಸುತ್ತಿರಬೇಕು ಅನ್ನಿಸಿತು. ಕುರ್ಚಿ ಹತ್ತಿರ ಎಳೆದುಕೊಂಡು, ಯಾವ ಅವಸರವೂ ಇಲ್ಲದೆ ಅವನನ್ನು ನೋಡಿದಳು.

“ಈಗ ನೀವು ನಗ್ತಿದ್ದೀರಿ,” ಎಂದಳು. “ಎಡಗಡೆ ಸ್ವಲ್ಪ ಜಾಸ್ತಿ. ಕಿವಿ ಕೆಂಪಾಗಿದೆ. ನಾನೂ—”

“ಅದು ಬೇಡ,” ಎಂದ. “ಅದು ನಂಗೆ ಕೇಳಿಸ್ತಿದೆ.”