ಒಬ್ಬರು ಬರಬೇಕು

ಬೆಳಗ್ಗೆ ಒಂಬತ್ತು ಗಂಟೆ ಹದಿನೇಳು ನಿಮಿಷ. ಗದಗದಿಂದ ಹುಬ್ಬಳ್ಳಿಗೆ ಹೋಗುವ ರಸ್ತೆರೈಲು ಅಣ್ಣಿಗೇರಿ ನಿಲ್ದಾಣದಿಂದ ಹೊರಡಲಿಲ್ಲ.

ಆ ಮಾರ್ಗದಲ್ಲಿ ರಸ್ತೆರೈಲು ಓಡಲಾರಂಭಿಸಿ ಒಂದು ವರ್ಷ ಕಳೆದಿತ್ತು. ಎರಡು ನಿಮಿಷಕ್ಕಿಂತ ಹೆಚ್ಚು ತಡವಾದದ್ದನ್ನು ಯಾರೂ ಕಂಡಿರಲಿಲ್ಲ. ಹೀಗಾಗಿ ಮೊದಮೊದಲು ಯಾರೂ ತಲೆ ಎತ್ತಲಿಲ್ಲ. ಕಾಲು ಗಂಟೆಯಾದಾಗ ಮೂರು ಬೋಗಿಗಳಲ್ಲೂ ಜನ ಎದ್ದು ನಿಂತರು. ಬಾಗಿಲುಗಳು ತೆರೆದೇ ಇದ್ದವು. ಬ್ಯಾಟರಿ ತುಂಬಿತ್ತು. ದೋಷ ಸೂಚಿಸುವ ಕೆಂಪು ದೀಪ ಎಲ್ಲಿಯೂ ಉರಿಯುತ್ತಿರಲಿಲ್ಲ. ಬಾಗಿಲುಗಳ ಮೇಲಿನ ಫಲಕದಲ್ಲಿ ಮಾತ್ರ ಎರಡು ಪದಗಳು ಮೂಡಿ ನಿಂತಿದ್ದವು: ಒಬ್ಬರು ಬರಬೇಕು.

ರಸ್ತೆರೈಲಿಗೆ ಹಳಿಯಿಲ್ಲ, ಚಾಲಕನಿಲ್ಲ, ಕಂಡಕ್ಟರನೂ ಇಲ್ಲ. ರಬ್ಬರ್ ಗಾಲಿಗಳ ಮೇಲೆ ಸಾಮಾನ್ಯ ಡಾಂಬರು ರಸ್ತೆಯಲ್ಲೇ ಅದು ಓಡುತ್ತದೆ. ರಸ್ತೆಗೆ ಬಳಿದ ಜೋಡಿ ಬಿಳಿ ಗೆರೆಯನ್ನು ಮೊದಲ ಬೋಗಿಯ ಕ್ಯಾಮೆರಾ, ಅಂದರೆ ಗೆರೆಗಣ್ಣು, ನೋಡಿ ದಾರಿ ಹಿಡಿಯುತ್ತದೆ. ಹಿಂದಿನ ಬೋಗಿಗಳು ಮುಂದಿನದರ ಹೆಜ್ಜೆಯಲ್ಲಿ ಹೆಜ್ಜೆ ಇಟ್ಟು ಬರುತ್ತವೆ. ಇದನ್ನು ರೂಪಿಸಿದವರಿಗೆ ರಸ್ತೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ಟವೆಲ್.

ನಮ್ಮ ಕಡೆ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಒಳಗೆ ಬೀಳುತ್ತದೆ. ಬಿದ್ದ ಸೀಟು ಟವೆಲ್ಲಿನವನದು. ನಡುವೆ ಚಹಾಕ್ಕೆ ಇಳಿಯುವವನೂ ಸೀಟಿನ ಮೇಲೆ ಟವೆಲ್ ಹಾಸಿಯೇ ಇಳಿಯುತ್ತಾನೆ. ರಸ್ತೆರೈಲಿನ ಆಸನಗಳಲ್ಲಿ ಭಾರ ತಿಳಿಯುವ ಸಂವೇದಕಗಳಿದ್ದವು. ಟವೆಲ್‌ಗೆ ಭಾರವೆಲ್ಲಿ? ಯಂತ್ರ ಅಂಥ ಸೀಟನ್ನು ಖಾಲಿಯೆಂದು ತೋರಿಸಿ ಬೇರೆಯವರನ್ನು ಕೂರಿಸಿತು. ಮೊದಲ ವಾರ ಹೊಡೆದಾಟಗಳಾದವು, ಒಬ್ಬನ ಮೂಗು ಮುರಿಯಿತು.

ರಸ್ತೆರೈಲಿನ ಮುಖ್ಯ ವಿಜ್ಞಾನಿ ಡಾ. ಪೂರ್ಣಿಮಾ ಮುಳಗುಂದ ಇದಕ್ಕೆ ನಿಯಮ ಬರೆಯಲು ಹೋಗಲಿಲ್ಲ. ಜನರನ್ನು ನೋಡಿ ತಾನೇ ಕಲಿಯುವ ಕಲಿಕಾಯಂತ್ರವನ್ನು ಬೋಗಿಗಳಲ್ಲಿ ಅಳವಡಿಸಿದರು. ಜನ ಏನು ಮಾಡುತ್ತಾರೆ, ಯಾವುದರಿಂದ ಸಿಟ್ಟಾಗುತ್ತಾರೆ, ಯಾವುದನ್ನು ಮೆಚ್ಚುತ್ತಾರೆ ಎಂಬುದನ್ನು ಅದು ಗಮನಿಸುತ್ತಿತ್ತು. ಒಂದು ರೈಲು ಹಗಲಲ್ಲಿ ಕಲಿತದ್ದನ್ನು ರಾತ್ರಿ ಡಿಪೋದಲ್ಲಿ ಉಳಿದ ರೈಲುಗಳಿಗೆ ಹಂಚುತ್ತಿತ್ತು. ಟವೆಲ್ ಇದ್ದ ಕಡೆ ಮನುಷ್ಯನಿದ್ದಾನೆ, ಅವನು ಬಂದೇ ಬರುತ್ತಾನೆ ಎಂಬುದನ್ನು ಅದು ಬಹುಬೇಗ ಕಲಿಯಿತು. ಟಿಕೆಟ್ ಪಡೆದ ಪ್ರಯಾಣಿಕನನ್ನು ನಡುದಾರಿಯಲ್ಲಿ ಬಿಟ್ಟು ಹೊರಡಬಾರದೆಂಬ ಕಟ್ಟುಪಾಡು ಮೊದಲೇ ಇತ್ತು. ಎರಡೂ ಕೂಡಿದ ಮೇಲೆ ರಸ್ತೆರೈಲು ಟವೆಲ್‌ಗಳಿಗಾಗಿ ಕಾಯತೊಡಗಿತು. ಚಹಾದ ಲೋಟ ಕೆಳಗಿಟ್ಟು ಓಡಿಬರುವವರಿಗಾಗಿ ಒಂದರ್ಧ ನಿಮಿಷ, ಅಷ್ಟೇ. ಕಂಡಕ್ಟರನಿಗಿಂತ ಇದೇ ವಾಸಿ ಎಂದು ಜನ ಹೊಗಳಿದರು.

ಆ ದಿನ ಅದು ಇನ್ನೂ ಕಾಯುತ್ತಲೇ ಇತ್ತು.

ಮೊದಲ ಬೋಗಿಯಲ್ಲಿದ್ದ ಕಸ್ತೂರಿ ಹಡಗಲಿ ಕೆಳಗಿಳಿದು ಹಿಂದಿನ ಬೋಗಿಯ ಕಡೆಗೆ ನಡೆದಳು. ಗದಗಿನ ಒಂದು ಮುದ್ರಣಾಲಯದಲ್ಲಿ ಪುಸ್ತಕ ಹೊಲಿಯುವ ಕೆಲಸ ಅವಳದು. ಹನ್ನೊಂದು ಗಂಟೆಗೆ ಅವಳು ಹುಬ್ಬಳ್ಳಿಯ ನ್ಯಾಯಾಲಯದಲ್ಲಿರಬೇಕಿತ್ತು. ಅಲ್ಲಿಯ ಒಂದು ದರೋಡೆ ಪ್ರಕರಣದಲ್ಲಿ ಆರೋಪಿಯಾಗಿ ಅವಳ ತಮ್ಮ ಮೈಲಾರಿ ಎರಡು ವರ್ಷದಿಂದ ಜೈಲಿನಲ್ಲಿದ್ದ. ಅವನ ಪರವಾಗಿ ನುಡಿಯುವವರು ಇಬ್ಬರೇ. ಒಬ್ಬಳು ಅಕ್ಕ, ಅವಳ ಮಾತಿಗೆ ತೂಕ ಕಡಿಮೆ ಎಂದು ವಕೀಲರು ಹೇಳಿಯೇ ಇದ್ದರು. ಇನ್ನೊಬ್ಬರು ಬೆಟಗೇರಿಯ ಸೈಕಲ್ ಅಂಗಡಿಯ ಗುರುಸಿದ್ದಪ್ಪ ಯಲಿಗಾರ. ದರೋಡೆ ನಡೆದ ಹೊತ್ತಿನಲ್ಲಿ ಮೈಲಾರಿ ತಮ್ಮ ಅಂಗಡಿಯಲ್ಲೇ ಇದ್ದನೆಂದು ಅವರು ಹೇಳಬೇಕಿತ್ತು. ಹಿಂದಿನ ಎರಡು ದಿನಾಂಕಗಳಿಗೆ ಅವರು ಬಂದಿರಲಿಲ್ಲ. ಇದು ಕೊನೆಯ ಅವಕಾಶ, ಸಾಕ್ಷಿಗಳು ಹಾಜರಾಗದಿದ್ದರೆ ಸಾಕ್ಷ್ಯ ಮುಗಿಯಿತೆಂದು ಬರೆಯುವುದಾಗಿ ನ್ಯಾಯಾಧೀಶರು ತಿಳಿಸಿದ್ದರು.

ಗುರುಸಿದ್ದಪ್ಪನಿಗೆ ಬೆದರಿಕೆಯ ಕರೆಗಳು ಬರುತ್ತಿದ್ದವು. ಹಿಂದಿನ ದಿನ ಅವರು ಕಸ್ತೂರಿಗೆ ಹೇಳಿದ್ದು ಇಷ್ಟೇ: "ನನ್ ಜೋಡಿ ಬರಬ್ಯಾಡವಾ. ಕೂಡಿ ಹೋದ್ರ ಮಂದಿ ಕಣ್ಣಿಗೆ ಬೀಳತೀವಿ. ನೀ ನಿನ್ ಪಾಡಿಗೆ ಹೋಗು. ನಾ ಹ್ಯಾಂಗಾರ ಬಂದು ಕೋರ್ಟ್ ಮುಟ್ಟತೀನಿ." ಬೆಳಗ್ಗೆಯಿಂದ ಅವರ ಫೋನ್ ಸ್ವಿಚ್ ಆಫ್ ಆಗಿತ್ತು.

ಮೂರನೇ ಬೋಗಿಯಲ್ಲಿ ಜನ ಒಂದು ಆಸನದ ಸುತ್ತ ಸೇರಿದ್ದರು. ಅದರ ಮೇಲೆ ಕೆಂಪು ಚೌಕಳಿಯ ಟವೆಲ್ ಹಾಸಿತ್ತು. ಅಂಥದು ಎಲ್ಲ ಸಂತೆಗಳಲ್ಲೂ ಸಿಗುತ್ತದೆ.

"ಮದುಮಗ ಬರೂತನಕ ಅಕ್ಕಿಕಾಳು ಹಿಡಕೊಂಡು ನಿಂತಂಗ ನಿಂತೇತಲ್ರೀ ಇದು!" ಎಂದರು ಮೆಣಸಿನಕಾಯಿ ವ್ಯಾಪಾರಿ ಬಸೆಟ್ಟೆಪ್ಪ. ಕೆಲವರು ನಕ್ಕರು. "ಯಾರ್ದಪಾ ಇದು ಟವಲ್? ಬಾಜೂಕ ಯಾರ್ ಕುಂತಿದ್ರಿ?"

ಪಕ್ಕದಲ್ಲಿ ಕೂತಿದ್ದವರು ಅಣ್ಣಿಗೇರಿಯಲ್ಲೇ ಇಳಿದು ಮನೆಗೆ ಹೋಗಿದ್ದರು. ಉಳಿದವರೆಲ್ಲ ಫೋನ್ ನೋಡುತ್ತ ಕೂತು ಬಂದವರು. ಇಬ್ಬರು ಹುಡುಕಲು ಹೋಗಿದ್ದರು. ಚಹಾದಂಗಡಿಯಲ್ಲಿ ಯಾರೂ ಇರಲಿಲ್ಲ. ಶೌಚಾಲಯದ ಮುಂದೆ ನಿಂತು ಎರಡು ಸಲ ಕೂಗಿದರು. ಅಲ್ಲಿ ಒಂದು ಬಾಗಿಲು ಮುಚ್ಚಿತ್ತು. ಮುಚ್ಚಿದ ಬಾಗಿಲೆಂದರೆ ಕೆಟ್ಟುಹೋದ ಶೌಚಾಲಯವೆಂದೇ ನಮ್ಮಲ್ಲಿ ಅರ್ಥ. ಅವರು ಹಿಂದಿರುಗಿದರು.

ಛಾವಣಿಯ ಧ್ವನಿವರ್ಧಕದಲ್ಲಿ ಡಾ. ಮುಳಗುಂದರ ದನಿ ಕೇಳಿಸಿತು. ಅವರು ಹುಬ್ಬಳ್ಳಿಯ ನಿಯಂತ್ರಣ ಕೇಂದ್ರದಲ್ಲಿದ್ದರು.

"ದಯವಿಟ್ಟು ಗಾಬರಿಯಾಗಬೇಡಿ. ರೈಲು ಕೆಟ್ಟಿಲ್ಲ. ಆ ಆಸನದವರಿಗಾಗಿ ಕಾಯುತ್ತಿದೆ, ಅಷ್ಟೆ."

"ನೀವ ಅಲ್ಲಿಂದ ಬಿಡಸ್ರಿ ಮೇಡಂ," ಎಂದಳು ಕಸ್ತೂರಿ. "ನಾ ಹನ್ನೊಂದಕ್ಕ ಕೋರ್ಟಿನ್ಯಾಗ ಇರಬೇಕ್ರಿ. ನನ್ ತಮ್ಮನ ಕೇಸ್ ಐತಿ."

"ಇಲ್ಲಿಂದ ಆಗುವುದಿಲ್ಲಮ್ಮ. ಪ್ರಯಾಣಿಕರನ್ನು ಬಿಟ್ಟು ಹೊರಡು ಅನ್ನುವ ಆದೇಶ ಕೊಡಲು ನಾವೇ ದಾರಿ ಇಟ್ಟಿಲ್ಲ. ಸುರಕ್ಷತೆಗಾಗಿ."

"ಹಂಗಾರ ಯಾರಿಗೆ ಕಾಯಾಕತ್ತೇತಿ ಅಂತನಾರ ಹೇಳ್ರಿ. ಹೆಸರು ಹಿಡಿದು ಕೂಗತೀವಿ."

"ಗದಗದಿಂದ ಆ ಆಸನದಲ್ಲಿ ಒಬ್ಬರು ಕೂತು ಬಂದಿದ್ದಾರೆ. ಹುಬ್ಬಳ್ಳಿಯವರೆಗೆ ಟಿಕೆಟ್ ಇದೆ. ಅದಕ್ಕಿಂತ ಹೆಚ್ಚು ತಿಳಿಯುವುದಿಲ್ಲ. ಮುಖ, ಹೆಸರು ನೆನಪಿಟ್ಟುಕೊಳ್ಳಲು ಕಾನೂನು ಬಿಡುವುದಿಲ್ಲ."

"ಅಂವ ಎಲ್ಲೋ ಊರಾಗ ಹೋಗಿ ಉಪ್ಪಿಟ್ಟು ತಿನ್ನಾಕತ್ತಿರಬೇಕು," ಎಂದರು ಬಸೆಟ್ಟೆಪ್ಪ. "ಅವಂದೊಂದು ಹೊಟ್ಟಿ ಸಲುವಾಗಿ ಇಷ್ಟು ಮಂದಿ ಇಲ್ಲಿ ಒಣಗಬೇಕೇನು?"

ಗಂಟೆ ಹತ್ತು ಹೊಡೆಯಲು ಬಂದಿತ್ತು. ರಸ್ತೆರೈಲು ಬಂದ ಮೇಲೆ ಆ ಮಾರ್ಗದ ಬಸ್ಸುಗಳು ನಿಂತುಹೋಗಿದ್ದವು. ಊರಿನ ಬ್ಯಾಟರಿ ಆಟೋಗಳು ಹುಬ್ಬಳ್ಳಿಯವರೆಗೆ ಓಡಲಾರವು. ಹಿಂದಿನ ರಸ್ತೆರೈಲು ಅದೇ ಗೆರೆಯ ಮೇಲೆ ಬಂದು ಇದರ ಬೆನ್ನಿಗೇ ನಿಂತಿತ್ತು.

"ಮೇಡಂ, ಈ ಟವಲ್ ತಗದ್ರ?" ಎಂದು ಕಸ್ತೂರಿ ಕೇಳಿದಳು.



"ತೆಗೆದರೆ ಆಸನ ಖಾಲಿ ಎಂದು ತಿಳಿಯುತ್ತದೆ. ಹೊರಡುತ್ತದೆ."

"ಮುಟ್ಟಬ್ಯಾಡ ತಂಗಿ," ಎಂದಳು ಅಣ್ಣಿಗೇರಿಯಲ್ಲಿ ಹತ್ತಿದ್ದ ಮುದುಕಿ ದ್ಯಾಮವ್ವ. "ಇನ್ನೊಬ್ಬರು ಹಾಕಿದ ಟವಲ್ ತಗೀಬಾರದು. ಹಾಸಿ ಹೋಗ್ಯಾನಂದಮ್ಯಾಲ ಬರ್ತಾನ. ಏನಾತೋ ಏನೋ, ಇನ್ನೊಮ್ಮೆ ನೋಡಿಬರ್ರಿ ಯಾರರ."

"ಎಷ್ಟೊತ್ತಂತ ನೋಡೂದಬೇ? ನಿಂದು ಕೋರ್ಟ್ ಐತೇನು?" ಎಂದು ಯಾರೋ ಮುದುಕಿಯ ಬಾಯಿ ಮುಚ್ಚಿಸಿದರು.

ಕಸ್ತೂರಿ ಡಾ. ಮುಳಗುಂದರನ್ನು ಇನ್ನೊಂದು ಮಾತು ಕೇಳಿದಳು. "ತಗೀಲ್ರಿ?"

"ಅದು ನಿಮಗೆ ಬಿಟ್ಟದ್ದು," ಎಂದರು ಅವರು. ಆಮೇಲೆ ಸೇರಿಸಿದರು: "ತೆಗೆದರೆ ತಪ್ಪೇನಿಲ್ಲ."

ಅವಳು ಟವೆಲ್ ತೆಗೆದಳು.

ಫಲಕದ ಎರಡು ಪದಗಳು ಅಳಿಸಿಹೋದವು. ಬಾಗಿಲುಗಳು ಮುಚ್ಚಿದವು. ರೈಲು ಮೆಲ್ಲನೆ ಮುಂದೆ ಸರಿದಾಗ ಮೂರು ಬೋಗಿಗಳಲ್ಲೂ ಜನ ಚಪ್ಪಾಳೆ ತಟ್ಟಿದರು, ಸಿಳ್ಳೆಯೂ ಕೇಳಿಸಿತು. ಬಸೆಟ್ಟೆಪ್ಪ ಖಾಲಿಯಾದ ಆಸನದಲ್ಲಿ ಕೂತು ಕಾಲು ಚಾಚಿದರು. ದ್ಯಾಮವ್ವ ಮಾತ್ರ ಕಿಟಕಿಗೆ ಮುಖವಿಟ್ಟು ನಿಲ್ದಾಣ ಮರೆಯಾಗುವವರೆಗೂ ಹೊರಗೇ ನೋಡುತ್ತಿದ್ದಳು. ಹುಬ್ಬಳ್ಳಿಯಲ್ಲಿ ಕಳೆದ ವಸ್ತುಗಳ ಕೌಂಟರಿನಲ್ಲಿ ಕೊಟ್ಟುಬಿಡೋಣವೆಂದು ಕಸ್ತೂರಿ ಟವೆಲ್ ಮಡಿಸಿ ಕೈಚೀಲದಲ್ಲಿ ಇಟ್ಟುಕೊಂಡಳು. ಹುಬ್ಬಳ್ಳಿ ತಲುಪಿದಾಗ ಕೌಂಟರಿನವರೆಗೆ ಹೋಗಲು ಸಮಯವಿರಲಿಲ್ಲ.

ಅವಳು ನ್ಯಾಯಾಲಯದ ಮೆಟ್ಟಿಲು ಹತ್ತಿದಾಗ ಹನ್ನೊಂದಕ್ಕೆ ಇನ್ನೂ ಐದು ನಿಮಿಷವಿತ್ತು. ಪ್ರಕರಣ ಕೂಗಿದರು. ಅವಳು ಸಾಕ್ಷಿ ನುಡಿದಳು. ಅನಂತರ ಗುರುಸಿದ್ದಪ್ಪ ಯಲಿಗಾರ ಎಂದು ಮೂರು ಬಾರಿ ಕೂಗಿದರು. ಯಾರೂ ಬರಲಿಲ್ಲ. ಮಧ್ಯಾಹ್ನದವರೆಗೆ ನೋಡೋಣ ಎಂದರು ನ್ಯಾಯಾಧೀಶರು.

ಪೊಲೀಸರ ನಡುವೆ ಕೂತಿದ್ದ ಮೈಲಾರಿ ಅಕ್ಕನನ್ನು ಕೇಳಿದ: "ಸೈಕಲ್ ಅಂಗಡಿ ಅಜ್ಜ ಬರಲಿಲ್ಲೇನಕ್ಕ?"

"ಹೆದರಿದ ಮುದುಕ. ರೊಕ್ಕಾನರ ತಿಂದಿರಬೇಕು," ಎಂದಳು ಕಸ್ತೂರಿ. "ನಂಬಿದ್ದ ತಪ್ಪಾತು. ಅವಂಗ ಒಳ್ಳೇದಾಗೂದಿಲ್ಲ."

ಹನ್ನೆರಡು ಗಂಟೆಗೆ ವಕೀಲರಿಗೆ ಫೋನ್ ಬಂತು. ಮಾತಾಡುತ್ತಿದ್ದವಳು ಗುರುಸಿದ್ದಪ್ಪನ ಮಗಳು. ಅಪ್ಪನಿಗೆ ಪಾರ್ಶ್ವವಾಯು ಹೊಡೆದಿದೆ, ಹುಬ್ಬಳ್ಳಿ ಆಸ್ಪತ್ರೆಗೆ ತರುತ್ತಿದ್ದೇವೆ ಎಂದಳು. ಎಲ್ಲಿ ಸಿಕ್ಕರು ಎಂದು ವಕೀಲರು ಕೇಳಿದರು.

ಅಣ್ಣಿಗೇರಿಯ ರಸ್ತೆರೈಲು ನಿಲ್ದಾಣದಲ್ಲಿ. ಶೌಚಾಲಯದ ಚಿಲಕ ಒಳಗಿನಿಂದ ಹಾಕಿತ್ತು. ಹತ್ತೂವರೆಗೆ ಸ್ವಚ್ಛತೆಗೆ ಬಂದವರು ಬಾಗಿಲು ಮುರಿದರು. ಜೀವವಿತ್ತು. ಇನ್ನಷ್ಟು ಮೊದಲೇ ಸಿಕ್ಕಿದ್ದರೆ ಬಲಗೈ ಉಳಿಯುತ್ತಿತ್ತು ಎಂದು ಅಣ್ಣಿಗೇರಿಯ ವೈದ್ಯರು ಹೇಳಿದರಂತೆ.

ವಕೀಲರು ಇದನ್ನು ಕಸ್ತೂರಿಗೆ ಹೇಳಿದಾಗ ಅವಳು ಕೈಚೀಲದಿಂದ ಟವೆಲ್ ತೆಗೆದು ವಕೀಲರ ಮೇಜಿನ ಮೇಲೆ ಇಟ್ಟಳು. ಅವರಿಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಬೇಕಾಯಿತು.

ಮಧ್ಯಾಹ್ನ ಸರ್ಕಾರಿ ವಕೀಲರು ಆಕ್ಷೇಪಿಸಿದರು: ಸಾಕ್ಷಿ ಅಣ್ಣಿಗೇರಿಯಲ್ಲಿ ಸಿಕ್ಕಿದ್ದು ನಿಜ, ಅವರು ನ್ಯಾಯಾಲಯಕ್ಕೇ ಬರುತ್ತಿದ್ದರು ಎನ್ನಲು ಆಧಾರವೇನು? ಬರುತ್ತಿದ್ದವರು ಹೆದರಿ ಅಲ್ಲೇ ಇಳಿದು ಹಿಂದಿರುಗುವವರೂ ಆಗಿರಬಹುದಲ್ಲ?

ನ್ಯಾಯಾಧೀಶರು ಡಾ. ಮುಳಗುಂದರನ್ನು ತೆರೆಯ ಮೇಲೆ ಕರೆಸಿದರು.

"ಅವರ ಜೇಬಿನಲ್ಲಿ ಸಿಕ್ಕ ಟಿಕೆಟ್ ಆ ಆಸನದ್ದೇ, ಹುಬ್ಬಳ್ಳಿಗಿತ್ತು. ಟವೆಲ್ ಆಸನದ ಮೇಲಿತ್ತು," ಎಂದರು ಡಾ. ಮುಳಗುಂದ. "ಆಸನಕ್ಕೆ ಮರಳದವರು ಟವೆಲ್ ಬಿಟ್ಟು ಇಳಿಯುವುದಿಲ್ಲ. ಅವರು ಬರುವವರಿದ್ದರು. ನಮ್ಮ ಯಂತ್ರಕ್ಕೆ ಅದು ಗೊತ್ತಿತ್ತು."

"ನಿಮಗೆ?"

"ನನಗೂ ಹೇಳಿತ್ತು, ಸ್ವಾಮಿ. ತೆಗೆದರೆ ತಪ್ಪೇನಿಲ್ಲ ಎಂದು ನಾನೇ ಹೇಳಿದೆ."

ನ್ಯಾಯಾಧೀಶರು ಅದನ್ನು ಬರೆಸಿಕೊಂಡರು. ಸಾಕ್ಷಿ ಚೇತರಿಸಿಕೊಂಡ ಮೇಲೆ ಆಸ್ಪತ್ರೆಯಲ್ಲೇ ಹೇಳಿಕೆ ಪಡೆಯಲು ಅನುಮತಿ ಕೊಟ್ಟು ಪ್ರಕರಣವನ್ನು ಮುಂದೂಡಿದರು. ಮೈಲಾರಿಯನ್ನು ಮತ್ತೆ ಜೈಲಿಗೆ ಕರೆದೊಯ್ದರು.

ಸಂಜೆ ಆಸ್ಪತ್ರೆಯ ಪಡಸಾಲೆಯಲ್ಲಿ ಗುರುಸಿದ್ದಪ್ಪನ ಮಗಳು ಟವೆಲ್ ನೋಡಿದ ಕೂಡಲೇ ಗುರುತಿಸಿದಳು. "ಅಪ್ಪಾಂದ. ನಿಮ್ಮ ಕಡೆ ಹ್ಯಾಂಗ ಬಂತು?" ಎಂದು ಕೇಳಿದಳು. ಕಸ್ತೂರಿ ಅದನ್ನೂ ಹೇಳಿದಳು. ಮಗಳು ಟವೆಲ್ ತೆಗೆದುಕೊಂಡು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

ಡಾ. ಮುಳಗುಂದರೂ ಅಲ್ಲಿಗೆ ಬಂದಿದ್ದರು. ಬೆಂಚಿನ ಮೇಲೆ ಕಸ್ತೂರಿಯ ಪಕ್ಕ ಕೂತರು.

"ಅದಕ್ಕ ತಿಳಿದಿದ್ದು ನಮಗ್ಯಾಕ ತಿಳೀಲಿಲ್ರಿ?" ಎಂದಳು ಕಸ್ತೂರಿ.

"ಅದಕ್ಕೆ ಅವಸರವಿರಲಿಲ್ಲ," ಎಂದರು ಡಾ. ಮುಳಗುಂದ. ಮತ್ತೆ ಹೇಳಿದರು: "ಇನ್ನು ಮುಂದೆ ಹೀಗಾಗುವುದಿಲ್ಲ. ಈಗಷ್ಟೇ ಆದೇಶ ಹೊರಡಿಸಿದ್ದೇನೆ. ರೈಲು ಐದು ನಿಮಿಷಕ್ಕಿಂತ ಹೆಚ್ಚು ಕಾದರೆ ಸಿಬ್ಬಂದಿ ನಿಲ್ದಾಣದ ಪ್ರತಿ ಬಾಗಿಲನ್ನೂ ತೆರೆದು ನೋಡಬೇಕು. ಯಾರೂ ಟವೆಲ್ ಮುಟ್ಟುವಂತಿಲ್ಲ."

ಆ ರಾತ್ರಿ ಎಂದಿನಂತೆ ರಸ್ತೆರೈಲುಗಳು ಡಿಪೋಗೆ ಬಂದವು. ಅಣ್ಣಿಗೇರಿಯಲ್ಲಿ ನಿಂತಿದ್ದ ರೈಲು ಅಂದು ಕಲಿತದ್ದನ್ನು ಉಳಿದವುಗಳಿಗೆ ಹಂಚಿತು. ಕಾದಷ್ಟು ಹೊತ್ತೂ ಜನ ಸಿಟ್ಟಾಗಿದ್ದರು. ಟವೆಲ್ ಹಾಸಿದವರು ಬಾರದಿದ್ದರೂ ಅವರ ಆಸನವನ್ನು ಖಾಲಿಯೆಂದು ಎಣಿಸಿ ಹೊರಟಾಗ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಅಷ್ಟು ದೊಡ್ಡ ಮೆಚ್ಚುಗೆ ಅದಕ್ಕೆ ಹಿಂದೆಂದೂ ಸಿಕ್ಕಿರಲಿಲ್ಲ.

ಮರುದಿನ ಬೆಳಗ್ಗೆ ಅಣ್ಣಿಗೇರಿ ನಿಲ್ದಾಣದಲ್ಲಿ ಇಬ್ಬರು ಸಿಬ್ಬಂದಿ ಆದೇಶದ ಪ್ರಕಾರ ಸಿದ್ಧರಾಗಿ ನಿಂತಿದ್ದರು. ಒಂಬತ್ತು ಗಂಟೆ ಹದಿನೇಳು ನಿಮಿಷಕ್ಕೆ ಸರಿಯಾಗಿ ರಸ್ತೆರೈಲು ಬಾಗಿಲು ಮುಚ್ಚಿ ಹೊರಟಿತು. ನಾಲ್ಕು ಆಸನಗಳ ಮೇಲೆ ಟವೆಲ್‌ಗಳಿದ್ದವು. ಅವನ್ನು ಹಾಸಿದ್ದ ನಾಲ್ವರೂ ಚಹಾದಂಗಡಿಯ ಮುಂದೆ ಲೋಟ ಹಿಡಿದು ನಿಂತಿದ್ದರು.