ಸ್ಟಿಕ್ಕರಿನ ಕೆಳಗಿನ ಪದ

“ಡಬ್ಬಿ ಕೆಳಗಿಡು.”

ಹೇಳಿದವನು ಗೋಡೌನಿನ ಮೇಸ್ತ್ರಿ. ಅವನ ಕೈಯಲ್ಲಿ ರಟ್ಟಿನ ಪೆಟ್ಟಿಗೆ ಕುಯ್ಯುವ ಬ್ಲೇಡು. ಬ್ಲೇಡು ನನ್ನ ಕುತ್ತಿಗೆಯ ಮೇಲೆ!

ನನ್ನ ಕೈಯಲ್ಲಿದ್ದದ್ದು ವಜ್ರವಲ್ಲ ಸ್ವಾಮಿ. ಬೆಕ್ಕಿನ ಊಟದ ಡಬ್ಬಿ.

ನಗಬೇಡಿ. ಅದು ಮಧ್ಯಾಹ್ನದೊಳಗೆ ವಿಚಾರಣೆಯ ಕೋಣೆಗೆ ತಲುಪದಿದ್ದರೆ ನನ್ನ ಅಕ್ಕನ ಲೈಸೆನ್ಸ್ ಹೋಗುತ್ತಿತ್ತು.

ಅಕ್ಕ ಪ್ರಾಣಿಗಳ ಡಾಕ್ಟರು. ಅವಳ ಕ್ಲಿನಿಕ್ಕಿಗೆ ಬರುವ ಬೆಕ್ಕುಗಳು ಒಂದರ ಹಿಂದೊಂದು ಕುರುಡಾದವು. ಕೆಲವು ಸತ್ತೇ ಹೋದವು... ಹೃದಯ ನಿಂತು. ಎಲ್ಲವೂ ತಿನ್ನುತ್ತಿದ್ದದ್ದು ಬೇರೆ ದೇಶದಿಂದ ಬಂದ ಒಂದೇ ಊಟ. ಅಕ್ಕ ಯಾರ ಹೆಸರನ್ನೂ ಎತ್ತದೆ, ಡಬ್ಬಿಯ ಊಟದ ಬಗ್ಗೆ ಹುಷಾರು ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಆ ಡಬ್ಬಿಗಳನ್ನು ತರಿಸಿ ಮಾರುತ್ತಿದ್ದ ಯಜಮಾನ ಓಡಿಹೋಗಿ ದೂರು ಕೊಟ್ಟ. ಬೆಕ್ಕುಗಳನ್ನು ಕೊಂದದ್ದು ಡಾಕ್ಟರಮ್ಮನ ಇಂಜೆಕ್ಷನ್ ಅಂತೆ.

ನನ್ನ ಕಸುಬು ನಕಲಿ ಮಾಲು ಪತ್ತೆ ಹಚ್ಚುವುದು. ಅಕ್ಕನ ಕೆಲಸಕ್ಕೆ ಫೀಸಿಲ್ಲ. ಬೈಗುಳ ಧಾರಾಳ.

ಅಂಗಡಿಗಳಲ್ಲಿದ್ದ ಡಬ್ಬಿಗಳನ್ನೆಲ್ಲ ಯಜಮಾನ ಆಗಲೇ ವಾಪಸ್ ಎತ್ತಿಸಿದ್ದ. ಗೋಡೌನಿನಲ್ಲಿ ಅವನ ಆಳುಗಳು ಅವುಗಳನ್ನು ಚಚ್ಚಿ ಗುಜರಿಗೆ ಹಾಕುತ್ತಿದ್ದರು. ಉಳಿದ ಕೊನೆಯ ಪೆಟ್ಟಿಗೆಯಿಂದ ಒಂದನ್ನು ನಾನು ಎತ್ತಿದ್ದೆ.

“ಕಿವಿ ಕೇಳಿಸ್ತಿಲ್ವಾ? ಕೆಳಗಿಡು.”

ಇಟ್ಟೆ. ಎದೆಯೆತ್ತರದಿಂದ, ಅವನ ಹೆಬ್ಬೆರಳ ಮೇಲೆ!

ಅವನು ಬಗ್ಗಿದ. ನಾನು ಡಬ್ಬಿ ಬಾಚಿಕೊಂಡು ಓಟ ಕಿತ್ತೆ. ಬಾಗಿಲಿಗೆ ಅಡ್ಡವಾಗಿ ಫೋರ್ಕ್‌ಲಿಫ್ಟ್ ಬಂತು. ಎತ್ತಿದ ಕಬ್ಬಿಣದ ಕೊಂಬುಗಳ ಕೆಳಗೆ ನುಸುಳಿದೆ. ಅಂಗಿ ಹರಿಯಿತು, ಬೆನ್ನೂ ಸ್ವಲ್ಪ ಹರಿಯಿತು. ರಸ್ತೆಯಲ್ಲಿ ಸಿಕ್ಕ ಟ್ಯಾಕ್ಸಿಗೆ ಹಾರಿದೆ. ಹಿಂದೆಯೇ ಅವರ ವ್ಯಾನು...

ವಿಚಾರಣೆ ನಡೆಯುವ ಕಚೇರಿಗೆ ಬಂದವನೇ ಕೆಳಮಹಡಿಯ ಟಾಯ್ಲೆಟ್ಟಿಗೆ ನುಗ್ಗಿ ಚಿಲಕ ಹಾಕಿದೆ. ಡಬ್ಬಿಯ ಮೇಲೆ ಯಜಮಾನ ಅಂಟಿಸಿದ್ದ ನಮ್ಮ ಭಾಷೆಯ ಸ್ಟಿಕ್ಕರ್ ಉಗುರಿನಿಂದ ಕೀಳಲು ಹೋದರೆ ಕೆಳಗಿನ ಅಸಲಿ ಲೇಬಲ್ಲೂ ಜೊತೆಗೇ ಏಳುತ್ತಿದೆ! ಅಕ್ಕನಿಗೆ ಫೋನ್ ಮಾಡಿದೆ.

“ಬಿಸಿ ಮಾಡೋ ಕತ್ತೆ. ಗೋಂದು ಸಡಿಲ ಆಗ್ಲಿ.”

ಗೋಡೆಯಲ್ಲಿ ಕೈ ಒಣಗಿಸುವ ಮೆಷೀನ್ ಇತ್ತು. ಅದರ ಬಿಸಿಗಾಳಿಗೆ ಡಬ್ಬಿ ಹಿಡಿದೆ. ಹೊರಗೆ ಮೇಸ್ತ್ರಿ ಬಾಗಿಲು ಒದೆಯುತ್ತಿದ್ದ. ಮೂಲೆಯಿಂದ ಮೆಲ್ಲಗೆ ಎಳೆದೆ. ಸಿಪ್ಪೆ ಸುಲಿದಂತೆ ಬಂತು.

ಈ ಲೇಬಲ್ಲುಗಳದ್ದು ದೊಡ್ಡ ಪುರಾಣ. ಒಂದು ದೇಶದಲ್ಲಿ ‘ಕೋಳಿಯ ಊಟ’ ಎಂದು ಬರೆದರೆ ಡಬ್ಬಿಯ ತುಂಬ ಕೋಳಿ ಇರಬೇಕು. ‘ಕೋಳಿ ಸಹಿತ’ ಎಂದರೆ ಚೂರುಪಾರು. ‘ಕೋಳಿ ರುಚಿ’ ಎಂದರೆ ಕೋಳಿ ಆ ದಾರಿಯಲ್ಲಿ ನಡೆದುಹೋಗಿದ್ದರೂ ಸಾಕು. ಇನ್ನೊಂದು ದೇಶಕ್ಕೆ ಬಂದರೆ ಆ ಲೆಕ್ಕವೇ ಬೇರೆ. ಡಬ್ಬಿ ಹುಟ್ಟಿದ ದೇಶದಲ್ಲಿ ಇದೊಂದೇ ಊಟ ಸಾಕೋ ಸಾಲದೋ ಎಂದು ಬರೆಯಲೇಬೇಕು. ನಮ್ಮಲ್ಲಿ ನಮ್ಮ ಭಾಷೆಯ ಸ್ಟಿಕ್ಕರ್ ಇದ್ದರೆ ಮುಗಿಯಿತು.

ಸ್ಟಿಕ್ಕರಿನಲ್ಲಿ ಇದ್ದದ್ದು ‘ಪೂರ್ಣ ಆಹಾರ’. ಕೆಳಗೆ ಅವರ ಭಾಷೆಯಲ್ಲಿ ಇದ್ದದ್ದು ‘ಪೂರಕ ಆಹಾರ’. ಬೇರೆ ಊಟದ ಜೊತೆಗೆ ಮಾತ್ರ ಕೊಡುವಂಥದ್ದು! ಬೆಕ್ಕಿನ ಕಣ್ಣಿಗೂ ಹೃದಯಕ್ಕೂ ಬೇಕಾದ ಸತ್ವ ಅದರಲ್ಲಿ ಸಾಕಷ್ಟಿಲ್ಲ.

ಅಷ್ಟರಲ್ಲಿ ಗದ್ದಲ ಕೇಳಿ ಕಾವಲುಗಾರ ಬಂದ. ಮೇಸ್ತ್ರಿ ಕುಂಟುತ್ತ ಜಾರಿಕೊಂಡ. ನಾನು ಮೆಟ್ಟಿಲು ಹತ್ತಿದೆ.

ಕೋಣೆಯಲ್ಲಿ ಅಧಿಕಾರಿ ಮೇಡಂ, ಬಿಳಿಚಿಕೊಂಡ ಮುಖದ ನನ್ನಕ್ಕ. ಎದುರಿಗೆ ಯಜಮಾನ, ಪಕ್ಕದಲ್ಲಿ ಅವನ ಹೆಂಡತಿ. ಅವಳ ತೊಡೆಯ ಮೇಲೆ ಒಂದು ದಪ್ಪ ಬೆಕ್ಕು. ನಾನು ಡಬ್ಬಿಯನ್ನೂ ಸ್ಟಿಕ್ಕರನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ.

ಯಜಮಾನನ ಕಣ್ಣು ಪಿಳುಕಲಿಲ್ಲ. ಸ್ಟಿಕ್ಕರ್ ಬರೆದವನು ತನ್ನ ಬಾಮೈದ, ಪೂರಕ ಎನ್ನುವ ಕಡೆ ಪೂರ್ಣ ಎಂದು ಕೈತಪ್ಪಿದೆ, ಅಲ್ಲಿನ ಕಾನೂನು ಇಲ್ಲಿಗೆ ಅನ್ವಯಿಸುವುದೂ ಇಲ್ಲ ಎಂದ. ಆಮೇಲೆ ಬೆಕ್ಕಿನ ತಲೆ ಸವರಿದ.

“ಪದ ತಪ್ಪಿರಬಹುದು ಮೇಡಂ, ಊಟ ತಪ್ಪಿಲ್ಲ. ನಮ್ಮನೇದೂ ಇದನ್ನೇ ತಿನ್ನೋದು. ಕಣ್ಣು ನೋಡಿ ಹೇಗಿದೆ. ಕೊಂದಿದ್ದು ಇಂಜೆಕ್ಷನ್ನೇ.”

ಬೆಕ್ಕು ಮೇಡಂ ಅವರನ್ನು ದಿಟ್ಟಿಸಿತು. ಎರಡು ಕಣ್ಣೂ ಫಳಫಳ. ಮೇಡಂ ಪೆನ್ನು ಎತ್ತಿಕೊಂಡರು. ಇಷ್ಟೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತೇ?

ಅಕ್ಕ ಎದ್ದುಹೋಗಿ ಬೆಕ್ಕಿನ ಗದ್ದ ತುರಿಸಿದಳು. ಕ್ಲಿನಿಕ್ಕಿನಲ್ಲಿ ಎಲ್ಲರನ್ನೂ ಕೇಳುವ ಹಾಗೆಯೇ ಆ ಹೆಂಗಸನ್ನು ಕೇಳಿದಳು.

“ಚೆನ್ನಾಗಿ ಸಾಕಿದ್ದೀರಮ್ಮ. ಊಟಕ್ಕೆ ಏನೇನು ಹಾಕ್ತೀರಿ?”

ಆಕೆಯ ಮುಖ ಅರಳಿತು.

“ಬೇಯಿಸಿದ ಮೀನು, ಕೋಳಿ ಗುಂಡಿಗೆ. ಈ ಡಬ್ಬೀದು ಮೇಲೊಂದು ಚಮಚ, ರುಚಿಗೆ. ಬರೀ ಇದನ್ನೇ ಹಾಕಿದ್ರೆ ಕಣ್ಣು ಹೋಗುತ್ತೆ ಅಂತ ನಮ್ಮ ಯಜಮಾನ್ರೇ ಬೈತಿರ್ತಾರಲ್ಲ.”

ಮೇಡಂ ಬರೆಯತೊಡಗಿದರು. ಅಕ್ಕನ ಹೆಸರನ್ನಲ್ಲ. ಅಕ್ಕ ಕುರ್ಚಿಗೆ ಕುಸಿದು ಅತ್ತಳು. ನಾನೂ ಕಣ್ಣೊರೆಸಿಕೊಂಡೆ, ಸುಳ್ಳೇಕೆ?

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ, ಯಾರಿಗೂ ಕಾಣುವುದಿಲ್ಲ ಅಂದುಕೊಳ್ಳುತ್ತದೆ ಎನ್ನುತ್ತಾರೆ.

ಆ ಕೋಣೆಯಲ್ಲಿ ಬೆಕ್ಕು ಕಣ್ಣು ಬಿಟ್ಟುಕೊಂಡೇ ಕೂತಿತ್ತು ಸ್ವಾಮಿ... ಮುಚ್ಚಿಕೊಂಡಿದ್ದವನು ಯಜಮಾನ.